ಉತ್ತರಕ್ಕೆ ಕಾಯುತ್ತಿದ್ದ ರೇಡಿಯೊ

ಸಂಡೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಓದುತ್ತಿದ್ದ ದಿನಗಳಲ್ಲಿ, ವಾರದ ಕೆಲವು ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಮೇಷ್ಟ್ರು ಬೀರುವಿನ ಬೀಗ ತೆಗೆದು ರೇಡಿಯೊ ಹೊರಗಿಡುತ್ತಿದ್ದರು. ‘ಕೇಳಿ-ಕಲಿ’ ಪಾಠ ಬರುವ ಹೊತ್ತು ಅದು. ಗಣಿಗಾರಿಕೆಯ ಅಬ್ಬರದ ವರ್ಷಗಳು. ಹೊರಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಕಿಟಕಿ ತೆರೆದರೆ ಬೆಂಚಿನ ಮೇಲೆ ಕೆಂಪು ಧೂಳು, ಮುಚ್ಚಿದರೆ ಸೆಕೆ. ಆ ಗದ್ದಲದಲ್ಲೇ ರೇಡಿಯೊದೊಳಗಿಂದ ಒಬ್ಬ ಅಕ್ಕ ಮಾತಾಡುತ್ತಿದ್ದಳು. ಕತೆಯ ನಡುವೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಕೆಲವು ಸೆಕೆಂಡು ರೇಡಿಯೊದಿಂದ ಏನೂ ಬರುತ್ತಿರಲಿಲ್ಲ. ಆ ಖಾಲಿ ಜಾಗ ನಮ್ಮದು. ಇಡೀ ತರಗತಿ ಕಿರುಚಿ ಉತ್ತರ ಹೇಳುತ್ತಿತ್ತು. ಆಮೇಲೆ ಅವಳು ಸರಿಯಾಗಿ ಹೇಳಿದಿರಿ ಎಂದು ಮೆಚ್ಚಿಕೊಳ್ಳುತ್ತಿದ್ದಳು. ನಾವು ತಪ್ಪು ಹೇಳಿದರೂ ಮೆಚ್ಚಿಕೊಳ್ಳುತ್ತಿದ್ದಳು. ಈ ಗುಟ್ಟು ಗೊತ್ತಾದ ಮೇಲೆ ಬೇಕಂತಲೇ ತಪ್ಪು ಉತ್ತರ ಕೂಗಿ ಶಹಬ್ಬಾಸ್‌ಗಿರಿ ತೆಗೆದುಕೊಳ್ಳುವುದು ನಮಗೊಂದು ಆಟವಾಯಿತು.

2000ದ ದಶಕದ ಮಧ್ಯಭಾಗದಲ್ಲಿ ರಾಜ್ಯದ ಡಿಎಸ್‌ಇಆರ್‌ಟಿ ಅಮೆರಿಕದ ಶಿಕ್ಷಣ ಸಂಸ್ಥೆಯೊಂದರ ನೆರವಿನಿಂದ ರೂಪಿಸಿ, ಆಕಾಶವಾಣಿಯ ಮೂಲಕ ಶಾಲೆಗಳಿಗೆ ತಲುಪಿಸಿದ ಪಾಠಗಳು ಅವು. ಮಗುವಿನ ಉತ್ತರಕ್ಕೆಂದು ಧ್ವನಿಮುದ್ರಿಕೆಯಲ್ಲೇ ಬಿಡುವು ಇಡುವುದು ಆ ಕ್ರಮದ ಮುಖ್ಯ ಲಕ್ಷಣ. ಆಗ ನಮಗೆ ಅದೆಲ್ಲ ತಿಳಿಯುವ ವಿಷಯವಾಗಿರಲಿಲ್ಲ. ಈಗ ಸಂಶೋಧನೆಯ ನೆಪದಲ್ಲಿ ಕನ್ನಡದ ಮಕ್ಕಳ ಸಾಹಿತ್ಯ, ಮಕ್ಕಳ ಮಾಧ್ಯಮಗಳ ಬಗ್ಗೆ ಓದುತ್ತಿರುವಾಗ ಆ ಬಿಡುವು ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಸಾರ್ವಜನಿಕ ಮಾಧ್ಯಮ ಮಕ್ಕಳೊಂದಿಗೆ ಇಟ್ಟುಕೊಂಡ ಸಂಬಂಧದ ಒಳ್ಳೆಯದೂ ಕೊರತೆಯೂ ಆ ಕೆಲವು ಸೆಕೆಂಡುಗಳಲ್ಲೇ ಇವೆ ಅನ್ನಿಸುತ್ತದೆ. ಆ ರೇಡಿಯೊ ಮಗುವಿಗಾಗಿ ಕಾಯುತ್ತಿತ್ತು. ಆದರೆ ಮಗು ಹೇಳಿದ್ದು ಅದಕ್ಕೆ ಕೇಳಿಸುತ್ತಿರಲಿಲ್ಲ.

ಈಗಿನ ಸ್ಥಿತಿ ತಿರುವುಮುರುವಾಗಿದೆ. ಮಕ್ಕಳ ಕೈಯಲ್ಲಿರುವ ಫೋನು ಅವರು ಏನು ನೋಡಿದರು, ಎಷ್ಟು ಹೊತ್ತು ನೋಡಿದರು, ಎಲ್ಲಿ ಬಿಟ್ಟೆದ್ದರು ಎಂಬುದನ್ನೆಲ್ಲ ಲೆಕ್ಕ ಇಡುತ್ತದೆ. ಕಾಯುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಒಂದು ವಿಡಿಯೊ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗಿರುತ್ತದೆ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ 76. ಈ ಅಂಕಿಗಳನ್ನು ಹಿಡಿದು ‘ಮಕ್ಕಳು ಹಾಳಾದರು’ ಎನ್ನುವ ಲೇಖನಗಳಿಗೆ ಬರವಿಲ್ಲ. ನನಗೆ ಕಾಣುವ ಪ್ರಶ್ನೆ ಬೇರೆ. ಆ ಮಕ್ಕಳು ಅಲ್ಲಿಗೆ ಹೋಗುವ ಮೊದಲು ನಮ್ಮ ಸಾರ್ವಜನಿಕ ಮಾಧ್ಯಮ ಅವರಿಗೆ ಏನು ಕೊಟ್ಟಿತ್ತು? ಅವರನ್ನು ಯಾರೆಂದು ತಿಳಿದಿತ್ತು?

*

ಈ ಪ್ರಶ್ನೆಗೆ ಒಂದು ಉತ್ತರ ಕಾನೂನಿನ ಭಾಷೆಯಲ್ಲೇ ಇದೆ. ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಯ ಕಾಯ್ದೆ 1990ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 1997ರಲ್ಲಿ ಜಾರಿಗೆ ಬಂತು. ಅದರ 12ನೇ ಕಲಮು ಈ ಸಂಸ್ಥೆಯ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಕಾಯ್ದೆಗಳನ್ನು ಓದುವುದು ಕಡಿಮೆ. ಪದ್ಯ ಓದುವ ಎಚ್ಚರದಲ್ಲೇ ಇದನ್ನೂ ಓದಬೇಕು. ಯುವಜನರ ಮಾತು ಬಂದಾಗ ಅವರ ವಿಶೇಷ ಅಗತ್ಯಗಳನ್ನು ಗಮನದಲ್ಲಿಟ್ಟು ತಕ್ಕ ಕಾರ್ಯಕ್ರಮ ಕೊಡಬೇಕು ಎನ್ನುತ್ತದೆ ಕಾಯ್ದೆ. ಕ್ರೀಡೆಗೆ ಬೇರೆ ಸಾಲಿದೆ, ಅಲ್ಪಸಂಖ್ಯಾತರು ಮತ್ತು ಬುಡಕಟ್ಟು ಸಮುದಾಯಗಳಿಗೂ ತಕ್ಕ ಕಾರ್ಯಕ್ರಮಗಳ ಮಾತಿದೆ. ಮಕ್ಕಳು ಬರುವುದು ಇನ್ನೂ ಕೆಳಗೆ, ಅಂಧರು, ವೃದ್ಧರು, ಅಂಗವಿಕಲರು ಮತ್ತು ಇತರ ದುರ್ಬಲ ವರ್ಗಗಳ ಜೊತೆ ಒಂದೇ ಸಾಲಿನಲ್ಲಿ. ಅಲ್ಲಿ ಕಾರ್ಯಕ್ರಮ ಎಂಬ ಮಾತಿಲ್ಲ. ಅವರ ಹಿತ ಕಾಯಬೇಕು ಎಂದಷ್ಟೇ ಇದೆ.

ಮಕ್ಕಳ ಹಿತ ಕಾಯುವುದು ತಪ್ಪೇನಲ್ಲ, ಬೇಕಾದ್ದೇ. ಆದರೆ ಆ ಸಾಲು ಬರೆದವರ ಮನಸ್ಸಿನಲ್ಲಿ ಮಗು ಕೂತು ಕೇಳುವ, ನೋಡುವ, ನಗುವ, ಚಾನೆಲ್ ಬದಲಿಸುವ ಮನುಷ್ಯನಾಗಿರಲಿಲ್ಲ. ಬಿಸಿಲು-ಮಳೆಯಿಂದ ಕಾಪಾಡಬೇಕಾದ ಸಸಿಯಾಗಿತ್ತು. ಅದೇ ಸಾಲಿನಲ್ಲಿ ವೃದ್ಧರನ್ನೂ ಅಂಗವಿಕಲರನ್ನೂ ಹಾಗೇ ನೋಡಲಾಗಿದೆ ಎಂಬುದು ಬೇರೆ ಲೇಖನದ ವಸ್ತು. ಭಾರತದ ಸಾರ್ವಜನಿಕ ಪ್ರಸಾರದಲ್ಲಿ ಸುದ್ದಿಗೆ, ಕ್ರೀಡೆಗೆ, ಕೃಷಿಗೆ ಬೇರೆ ಬೇರೆ ವಾಹಿನಿಗಳು ಬಂದವು. ಮಕ್ಕಳಿಗೆ ಕೊನೆಗೆ ದಕ್ಕಿದ್ದು ತರಗತಿಗೊಂದರಂತೆ ಪಾಠ ಬಿತ್ತರಿಸುವ ಶೈಕ್ಷಣಿಕ ವಾಹಿನಿಗಳು. ಮಕ್ಕಳಿಗಾಗಿಯೇ ಚಿತ್ರ ಮಾಡಲೆಂದು 1955ರಲ್ಲಿ ಹುಟ್ಟಿದ ಮಕ್ಕಳ ಚಲನಚಿತ್ರ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು.

*

ಮಗುವನ್ನು ವಿದ್ಯಾರ್ಥಿ ಎಂದಷ್ಟೇ ನೋಡುವ ಚಾಳಿ ಕಾಯ್ದೆಗಿಂತ ಹಳೆಯದು. ನಮ್ಮ ಭಾಗದ ಇತಿಹಾಸವೇ ಅದಕ್ಕೆ ಸಾಕ್ಷಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೊ ‘ಸೈಟ್’ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಹೋಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಆಗಿನ್ನೂ ಕೊಪ್ಪಳ ಬೇರೆ ಜಿಲ್ಲೆಯಾಗಿರಲಿಲ್ಲ. ಹಂಪಿಯ ಎದುರು ದಡ, ಅಂದರೆ ಆನೆಗೊಂದಿಯ ಸೀಮೆ, ರಾಯಚೂರು ಜಿಲ್ಲೆಯೇ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಕಲ್ಯಾಣ ಕರ್ನಾಟಕದ ಹಳ್ಳಿಗಳ ಮಕ್ಕಳು ಶಾಲೆಯಲ್ಲಿ ಕೂತು ಕನ್ನಡದಲ್ಲಿ ಟಿ.ವಿ. ನೋಡಿದ್ದರು. ಈ ಸಂಗತಿ ನಮ್ಮ ಮಾಧ್ಯಮ ಚರಿತ್ರೆಗಳಲ್ಲಿ ಎಷ್ಟು ಎದ್ದು ಕಾಣಬೇಕಿತ್ತೋ ಅಷ್ಟು ಕಾಣುವುದಿಲ್ಲ.

ಆ ಪ್ರಯೋಗದಲ್ಲಿ ಬೆಳಗಿನ ಒಂದೂವರೆ ಗಂಟೆ ಮಕ್ಕಳದು, ಸಂಜೆ ದೊಡ್ಡವರದು. ಬೆಳಗಿನ ಹೊತ್ತನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಹಂಚಿಕೊಳ್ಳಬೇಕು. ಕನ್ನಡದ ಮಗುವಿಗೆ ದಿನಕ್ಕೆ ಸಿಕ್ಕದ್ದು ಸುಮಾರು 22 ನಿಮಿಷ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬಡ ಹಳ್ಳಿಯ ಮಗುವಿಗೆ ವಿಜ್ಞಾನ ತಲುಪಬೇಕೆಂಬ ಆಸೆಯನ್ನು ನಾನು ಹಗುರ ಮಾಡುತ್ತಿಲ್ಲ. ಅಂಥ ಆಸೆ ಈಗ ಅಪರೂಪ. ಆದರೂ ರಾಯಚೂರಿನ ಮಗುವಿಗೆ ಬೇಕಾದ್ದನ್ನು ಇನ್ನೊಂದು ರಾಜ್ಯದ ರಾಜಧಾನಿಯಲ್ಲಿ ಕೂತು ಊಹಿಸಿ, ಆಕಾಶದ ಮೂಲಕ ಇಳಿಸುವ ಆ ಮಾದರಿಯಲ್ಲಿ ಮಗು ಮಾತಾಡಲು ದಾರಿಯಿರಲಿಲ್ಲ. ಅದೇ ಕಾಲದಲ್ಲಿ ಗುಜರಾತಿನ ಖೇಡಾದಲ್ಲಿ ಶುರುವಾದ ಟಿ.ವಿ. ಯೋಜನೆ ಹಳ್ಳಿಗರ ಮಾತಿನಲ್ಲೇ, ಹಳ್ಳಿಗರನ್ನೇ ಸೇರಿಸಿಕೊಂಡು ಕಾರ್ಯಕ್ರಮ ಮಾಡಿತು. 1984ರಲ್ಲಿ ಯುನೆಸ್ಕೊದ ಪ್ರಶಸ್ತಿಯನ್ನೂ ಪಡೆಯಿತು. ಮುಂದೆ ದೇಶ ಆರಿಸಿಕೊಂಡದ್ದು ಖೇಡಾದ ದಾರಿಯನ್ನಲ್ಲ. ಮೇಲಿನಿಂದ ಇಳಿಸುವುದೇ ನಮ್ಮ ಪದ್ಧತಿಯಾಯಿತು.

ಸುಮಾರು 45 ವರ್ಷದ ನಂತರ, 2020ರ ಜುಲೈ 20ರಂದು, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ‘ಸಂವೇದ’ ಪಾಠಗಳು ಶುರುವಾದವು. ಫೋನು, ಇಂಟರ್ನೆಟ್ ಇಲ್ಲದ ಮನೆಗಳಿಗೆ ಆಗ ಆಸರೆಯಾದದ್ದು ಇದೇ ಟಿ.ವಿ. ಸಂಕಟ ಬಂದಾಗ ಸಾರ್ವಜನಿಕ ವಾಹಿನಿ ಎಂಬುದೊಂದು ಇರಬೇಕು ಎನ್ನಲು ಇದಕ್ಕಿಂತ ಬೇರೆ ವಾದ ಬೇಕಿಲ್ಲ. ಆದರೆ ಆ ಪಾಠಗಳ ರೂಪ ನೋಡಿ. ಒಬ್ಬ ಶಿಕ್ಷಕರು ಅಥವಾ ಶಿಕ್ಷಕಿ, ಹಿಂದೆ ಪರದೆಯ ಮೇಲೆ ಪಾಠದ ಅಂಶಗಳು, ಅರ್ಧ ಗಂಟೆ ನಿಲ್ಲದ ಮಾತು. ‘ಕೇಳಿ-ಕಲಿ’ಯಲ್ಲಿ ಇದ್ದ ಆ ಬಿಡುವೂ ಇಲ್ಲಿ ಹೋಗಿತ್ತು. ಮನೆಯೊಳಗೆ ಸಿಕ್ಕಿಬಿದ್ದು, ಗೆಳೆಯರಿಲ್ಲದೆ, ಸಾವಿನ ಸುದ್ದಿಗಳ ನಡುವೆ ಕೂತಿದ್ದ ಹದಿಮೂರು-ಹದಿನಾಲ್ಕರ ಹುಡುಗ ಹುಡುಗಿಯರಿಗೆ ಪರೀಕ್ಷೆಯ ಆಚೆಗೂ ಏನೋ ಬೇಕಿತ್ತು. ತುರ್ತಿನಲ್ಲಿ ಕಟ್ಟಿದ ಯೋಜನೆಯನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಆದರೆ ತುರ್ತಿನಲ್ಲಿ ಕೈಗೆ ಸಿಗುವುದು ಮೊದಲೇ ಕೂಡಿಟ್ಟದ್ದು ಮಾತ್ರ. ನಾವು ಕೂಡಿಟ್ಟದ್ದು ಪಾಠ, ಅದನ್ನೇ ಕೊಟ್ಟೆವು.

*

ಕನ್ನಡಕ್ಕೆ ಇದಕ್ಕಿಂತ ಬೇರೆಯದೇ ಆದ ಪರಂಪರೆಯೊಂದು ಇತ್ತು ಎಂಬುದನ್ನು ನೆನೆದಾಗ ಬೇಸರ ಹೆಚ್ಚುತ್ತದೆ. ಪಂಜೆ ಮಂಗೇಶರಾಯರು ಸರ್ಕಾರಿ ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವರು. ಪಾಠ ಒಪ್ಪಿಸುವುದೇ ಕೆಲಸವಾಗಿದ್ದ ಇಲಾಖೆಯೊಳಗೆ ಕೂತು ಅವರು ಬರೆದದ್ದು ಬಾಯಲ್ಲಿ ಉರುಳಾಡುವ ಹಾಡುಗಳನ್ನು, ಕೇಳಿದವರು ಮತ್ತೊಮ್ಮೆ ಹೇಳು ಎನ್ನುವ ಕತೆಗಳನ್ನು. ಜಿ.ಪಿ. ರಾಜರತ್ನಂ ಮಗುವಿನ ಉಸಿರಿನ ಅಳತೆಗೆ ಸಾಲು ಕತ್ತರಿಸಿದರು. ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳಲ್ಲಿ ಮಗುವಿಗೆ ಇಡೀ ಜಗತ್ತನ್ನು ವಿವರಿಸಲು ಹೊರಟರು, ಮಗುವಿಗೆ ಅರ್ಥವಾಗದು ಎಂದು ಯಾವುದನ್ನೂ ಬದಿಗಿಡುವ ಅವಸರ ಅವರಿಗಿರಲಿಲ್ಲ. ಈ ಮೂವರ ದಾರಿ ಬೇರೆ ಬೇರೆ. ಆದರೂ ಮೂವರಿಗೂ ಮಗು ಎಂದರೆ ಸ್ವಂತ ರುಚಿಯಿರುವ, ಬೇಸರವಾದರೆ ಪುಸ್ತಕ ಮುಚ್ಚುವ ಓದುಗ. ಆ ಹೆದರಿಕೆ ಅವರ ಬರವಣಿಗೆಯನ್ನು ಚುರುಕಾಗಿ ಇಟ್ಟಿತು.

ನಮ್ಮ ಪ್ರಸಾರ ಸಂಸ್ಥೆಗಳಿಗೆ ಈ ಹೆದರಿಕೆ ಬಹುಕಾಲ ಬೇಕಾಗಲಿಲ್ಲ. ಒಂದೇ ವಾಹಿನಿ ಇದ್ದ ಕಾಲದಲ್ಲಿ ಮಗು ಎದ್ದು ಹೋಗುವುದಾದರೂ ಎಲ್ಲಿಗೆ? ಆ ಕಾಲವನ್ನು ಈಗ ಚಿನ್ನದ ಯುಗದಂತೆ ನೆನೆಯುವವರಿದ್ದಾರೆ. ಅವರು ಮೊದಲು ಹೇಳುವ ಹೆಸರು ‘ಮಾಲ್ಗುಡಿ ಡೇಸ್’. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ್ದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಗುವಿನ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಇಟ್ಟ, ನೀತಿ ಹೇಳದೆ ನಗಿಸುವ ಅಪರೂಪದ ಕೆಲಸ ಅದು. ಸಾರ್ವಜನಿಕ ವಾಹಿನಿ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಇಂದಿಗೂ ನಮ್ಮ ಉತ್ತಮ ಉದಾಹರಣೆ. ಆದರೆ ದೂರದರ್ಶನದಲ್ಲಿ ಆ ಸ್ವಾಮಿ ಮಾತಾಡಿದ್ದು ಹಿಂದಿಯಲ್ಲಿ. ಕನ್ನಡದ ನಿರ್ದೇಶಕ, ಕನ್ನಡದ ನಟರು, ಕನ್ನಡದ ಮಳೆ; ಕನ್ನಡದ ಮಗು ಮಾತ್ರ ಅದನ್ನು ಪರಭಾಷೆಯಲ್ಲಿ ಅರ್ಥ ಮಾಡಿಕೊಳ್ಳಬೇಕಿತ್ತು. ಅದು ಕನ್ನಡಕ್ಕೆ ಡಬ್ ಆಗಿ ಮನೆಮನೆಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ, ಅದೂ ಖಾಸಗಿ ವಾಹಿನಿಯೊಂದರಲ್ಲಿ.

ಕನ್ನಡದಲ್ಲಿ ಮಕ್ಕಳಿಗೆಂದೇ ಒಂದು ವಾಹಿನಿ ಬಂದದ್ದೂ ಮಾರುಕಟ್ಟೆಯಿಂದಲೇ. ಸಿನಿಮಾ, ಧಾರಾವಾಹಿಗಳಿಗೆ ಡಬ್ಬಿಂಗ್ ಬೇಡವೆಂಬ ಅಲಿಖಿತ ನಿಷೇಧ ಇನ್ನೂ ಬಿಗಿಯಾಗಿದ್ದಾಗ, 2009ರಲ್ಲಿ, ಸನ್ ಸಮೂಹದ ಚಿಂಟು ಟಿ.ವಿ. ಶುರುವಾಗಿ ಬೇರೆ ದೇಶಗಳ ಕಾರ್ಟೂನುಗಳಿಗೆ ಕನ್ನಡ ಕಲಿಸಿತು. ಆ ಕನ್ನಡ ಹೇಗಿತ್ತು ಎಂಬ ತಕರಾರು ಇರಬಹುದು. ಆದರೆ ಮಗುವಿಗೂ ಮನರಂಜನೆಯ ಹಕ್ಕಿದೆ, ಅದು ತನ್ನ ಭಾಷೆಯಲ್ಲೇ ಇರಬೇಕು ಎಂಬ ಸರಳ ಸತ್ಯ ಜಾಹೀರಾತು ಮಾರುವವರಿಗೆ ಹೊಳೆಯಿತು. ಸಾರ್ವಜನಿಕ ಸೇವೆ ಎಂಬ ಹಲಗೆ ಹಾಕಿಕೊಂಡವರಿಗೆ ಹೊಳೆಯಲಿಲ್ಲ. ಸಾರ್ವಜನಿಕ ಮಾಧ್ಯಮದ ಪರವಾಗಿ ವಾದಿಸುವವರು, ನಾನೂ ಸೇರಿದಂತೆ, ಮೊದಲು ಈ ಮುಜುಗರವನ್ನು ನುಂಗಿಕೊಳ್ಳಬೇಕು.

ಹಾಗೆಂದು ಪಟ್ಟಿ ಪೂರ್ತಿ ಖಾಲಿಯೇನಲ್ಲ. 2002ರ ಜನವರಿಯಲ್ಲಿ ಚಂದನದಲ್ಲಿ ಶುರುವಾದ ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ಮಕ್ಕಳಿಗೆಂದು ಮಾಡಿದ್ದಲ್ಲ. ಆದರೂ ನನ್ನ ವಯಸ್ಸಿನವರು ಅದನ್ನು ನೋಡುತ್ತಲೇ ಬೆಳೆದರು. ಸರಿ ಉತ್ತರಕ್ಕೆ ಬಹುಮಾನ ಒಂದು ಕನ್ನಡ ಪುಸ್ತಕ. ಕೋಟಿಯ ಆಮಿಷವಿಲ್ಲ, ಎದೆ ಬಡಿಯುವ ಸಂಗೀತವಿಲ್ಲ. ಗೊತ್ತಿಲ್ಲ ಎಂದವರಿಗೆ ಅವಮಾನವೂ ಇಲ್ಲ. ತಿಳಿವಳಿಕೆಯೇ ಒಂದು ಸುಖ ಎಂಬುದನ್ನು ಆ ಕಾರ್ಯಕ್ರಮ ಸಾವಿರಾರು ಸಂಚಿಕೆಗಳ ಉದ್ದಕ್ಕೂ ಹೇಳದೆ ತೋರಿಸಿತು. ಇನ್ನೊಂದು ಉದಾಹರಣೆ ಆಕಾಶವಾಣಿಯ ‘ಯುವವಾಣಿ’. 1969ರಲ್ಲಿ ದೆಹಲಿಯಲ್ಲಿ ಶುರುವಾಗಿ ಆಮೇಲೆ ಕನ್ನಡದ ನಿಲಯಗಳಿಗೂ ಬಂದ ಈ ವಿಭಾಗದಲ್ಲಿ ಯುವಕರು ಕೇಳುಗರಷ್ಟೇ ಆಗಿರಲಿಲ್ಲ, ಮೈಕಿನ ಮುಂದೆಯೂ ಕೂತರು. ತನ್ನ ಕತೆಯನ್ನು, ಕವಿತೆಯನ್ನು ತನ್ನ ದನಿಯಲ್ಲೇ ಓದಿ, ಸಣ್ಣ ಸಂಭಾವನೆಯ ಚೆಕ್ಕು ಪಡೆದು ಬರೆಯುವ ಧೈರ್ಯ ತಂದುಕೊಂಡವರು ಕನ್ನಡದಲ್ಲಿ ಒಬ್ಬಿಬ್ಬರಲ್ಲ. ಯುವಕರಿಗೆ ಸಿಕ್ಕ ಆ ಕುರ್ಚಿ ಅವರಿಗಿಂತ ಚಿಕ್ಕವರಿಗೆ ಸಿಕ್ಕಿದ್ದು ಕಡಿಮೆ. ದೊಡ್ಡವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವ ಮಗುವಿನ ದನಿಯೇ ನಮ್ಮ ಮಕ್ಕಳ ಕಾರ್ಯಕ್ರಮಗಳಲ್ಲಿ ಹೆಚ್ಚು ಕೇಳಿಸಿದ್ದು.

*

ಬೇರೆ ದೇಶಗಳಲ್ಲೂ ಈ ವಿಷಯ ಸುಖವಾಗಿಲ್ಲ. ಬ್ರಿಟನ್ನಿನಲ್ಲಿ ಮಕ್ಕಳ ಮತ್ತು ಯುವಜನರ ಕಾರ್ಯಕ್ರಮಗಳಿಗೆಂದೇ 2019ರಲ್ಲಿ ತೆರೆದ ವಿಶೇಷ ನಿಧಿ 2022ರಲ್ಲಿ ಮುಚ್ಚಿತು. ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಸಾರ್ವಜನಿಕ ಪ್ರಸಾರದ ನಿಗಮಕ್ಕೆ ಕೊಡುತ್ತಿದ್ದ ಹಣವನ್ನೇ ಹಿಂತೆಗೆದುಕೊಂಡಿತು. ಮರುತಿಂಗಳೇ ನಿಗಮ ತನ್ನ ಕೆಲಸ ಮುಗಿಸುವುದಾಗಿ ಸಾರಿತು. ಆದರೆ ಎರಡು ಉದಾಹರಣೆಗಳು ನಮಗೆ ಉಪಯೋಗಕ್ಕೆ ಬರುತ್ತವೆ. ಒಂದು, ಆಸ್ಟ್ರೇಲಿಯದ ಸಾರ್ವಜನಿಕ ವಾಹಿನಿ 2018ರಲ್ಲಿ ಪ್ರಸಾರ ಮಾಡಿದ ‘ಬ್ಲೂಯಿ’. ನಾಯಿಮರಿಗಳ ಸಂಸಾರವೊಂದು ಮನೆಯಲ್ಲಿ ಆಡುವ ಆಟಗಳೇ ಅದರ ವಸ್ತು. ಅಕ್ಷರ, ಮಗ್ಗಿ ಯಾವುದನ್ನೂ ಕಲಿಸುವ ಹಟವಿಲ್ಲದ ಆ ಸರಣಿ ಬ್ರಿಸ್ಬೇನಿನ ಅಂಗಳದಿಂದ ಹೊರಟು ಜಗತ್ತನ್ನು ಸುತ್ತಿತು. ಇನ್ನೊಂದು, ನಾರ್ವೆಯ ಸಾರ್ವಜನಿಕ ವಾಹಿನಿ 2015ರಿಂದ 2017ರವರೆಗೆ ಹದಿಹರೆಯದವರಿಗೆ ಮಾಡಿದ ‘ಸ್ಕಾಮ್’. ಬರೆಯುವ ಮೊದಲು ತಂಡ ಆ ವಯಸ್ಸಿನವರನ್ನು ಕಂಡು ದೀರ್ಘವಾಗಿ ಮಾತಾಡಿಸಿತು. ಆಮೇಲೆ ಕತೆಯ ತುಣುಕುಗಳನ್ನು ಪಾತ್ರಗಳ ಬದುಕಿನಲ್ಲಿ ನಡೆಯುವ ಹೊತ್ತಿಗೇ ಜಾಲತಾಣದಲ್ಲಿ ಬಿಡುತ್ತ ಹೋಯಿತು. ಮಕ್ಕಳಿರುವ ಜಾಗಕ್ಕೆ ಹೋಗುವುದು ಸುಲಭ, ಒಂದು ಆ್ಯಪ್ ಸಾಕು. ಅದಕ್ಕೂ ಮೊದಲು ಅವರ ಮಾತು ಕೇಳಿಸಿಕೊಂಡದ್ದರಿಂದ ‘ಸ್ಕಾಮ್’ ಬೇರೆಯಾಯಿತು.

2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯೂ ‘ವೇವ್ಸ್’ ಎಂಬ ತನ್ನ ಓಟಿಟಿ ತಂದಿದೆ. ಹಳೆಯ ಕಾರ್ಯಕ್ರಮಗಳು ಅಲ್ಲಿ ಸಿಗುವುದು ಸಂತೋಷ. ಆದರೆ ಉಗ್ರಾಣ ತೆರೆದ ಮಾತ್ರಕ್ಕೆ ಅಡುಗೆ ಆಗುವುದಿಲ್ಲ.

*

ದೋಣಿಮಲೈಗೆ ಬರುತ್ತೇನೆ. ಎನ್‌ಎಂಡಿಸಿ ಕಬ್ಬಿಣದ ಅದಿರಿಗಾಗಿ ಕಟ್ಟಿದ ಊರು ಇದು. 1977ರಿಂದ ಇಲ್ಲಿ ಗಣಿ ನಡೆದಿದೆ. ಗುತ್ತಿಗೆಯ ತಕರಾರಿನಿಂದ 2018ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ನಿಂತು ಮತ್ತೆ ಶುರುವಾಯಿತು. ಟೌನ್‌ಶಿಪ್ಪಿನ ಒಳಗೆ ಕೇಂದ್ರೀಯ ವಿದ್ಯಾಲಯವಿದೆ. ಅಲ್ಲಿಯ ಮಕ್ಕಳ ಬಾಯಲ್ಲಿ ಹಿಂದಿ, ಇಂಗ್ಲಿಷು, ತೆಲುಗು, ಕನ್ನಡ ಎಲ್ಲವೂ ಇವೆ. ಗೇಟಿನ ಹೊರಗೆ ಸಂಡೂರಿನ ಹಳ್ಳಿಗಳು, ಲಂಬಾಣಿ ತಾಂಡಾಗಳು. ತಾಂಡಾದ ಮಗು ಮನೆಯಲ್ಲಿ ಗೋರ್ ಬೋಲಿ ಆಡಿ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಈ ಎರಡು ಮಕ್ಕಳು ಒಂದೇ ಬೆಟ್ಟ ನೋಡುತ್ತ, ಒಂದೇ ಬ್ಲಾಸ್ಟಿಂಗ್ ಸೈರನ್ ಕೇಳುತ್ತ ಬೆಳೆಯುತ್ತಾರೆ. ಒಂದೇ ಶಾಲೆಯಲ್ಲಿ ಕೂರುವುದಿಲ್ಲ. ಇಬ್ಬರ ಫೋನೂ ಇಬ್ಬರಿಗೂ ಬೇರೆ ಬೇರೆ ಲೋಕ ತೋರಿಸುತ್ತದೆ, ಏಕೆಂದರೆ ಅದು ನೋಡುವುದು ಅವರವರ ಹಳೆಯ ಲೆಕ್ಕವನ್ನು. ಇಬ್ಬರೂ ಒಟ್ಟಿಗೆ ಕೇಳಿ ಮರುದಿನ ಮಾತಾಡಿಕೊಳ್ಳಬಹುದಾದ ಒಂದು ಕತೆ, ಒಂದು ದನಿ ಎಲ್ಲಿದೆ? ‘ಸಾರ್ವಜನಿಕ’ ಎಂಬ ಪದಕ್ಕೆ ನನಗೆ ತಿಳಿದ ಅರ್ಥ ಅಷ್ಟೇ. ಸರ್ಕಾರದ್ದು ಎಂದಲ್ಲ, ಇಬ್ಬರಿಗೂ ಸೇರಿದ್ದು ಎಂದು.

ನಮ್ಮ ವಿಭಾಗದ ಗೆಳೆಯನೊಬ್ಬನ ಬಳಿ ಇದನ್ನು ಹೇಳಿದಾಗ ಅವನು ನಕ್ಕ. “ಈಗ ರೇಡಿಯೊ ಯಾರು ಕೇಳ್ತಾರಪ್ಪಾ? ಎಲ್ಲಾ ಯೂಟ್ಯೂಬಲ್ಲೇ ಐತಲ್ಲ.” ಅವನ ಮಾತು ಅರ್ಧ ನಿಜ. ಎಲ್ಲವೂ ಅಲ್ಲಿದೆ; ಸಂಡೂರಿನ ಮಗುವೊಂದು ಸಂಡೂರಿನ ಮಾತಿನಲ್ಲಿ ಹೇಳಿದ ಕತೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಇದ್ದರೂ ಅದು ಇನ್ನೊಂದು ಮಗುವಿನ ಮುಂದೆ ಬರುವುದಿಲ್ಲ, ಏಕೆಂದರೆ ಅದನ್ನು ಮುಂದೆ ತರುವುದರಿಂದ ಯಾರಿಗೂ ಲಾಭವಿಲ್ಲ. ಲಾಭವಿಲ್ಲದ ಆ ಕೆಲಸಕ್ಕೇ ಸಾರ್ವಜನಿಕ ಮಾಧ್ಯಮ ಬೇಕು. ಅದು ಅಲೆಯಲ್ಲಿ ಬರುತ್ತದೋ ಆ್ಯಪಿನಲ್ಲೋ ಎಂಬುದು ಆಮೇಲಿನ ಮಾತು.

ಸಾಧನಗಳೇನೂ ಇಲ್ಲದಿಲ್ಲ. ಹೊಸಪೇಟೆಯಲ್ಲಿ ಆಕಾಶವಾಣಿಯ 100.5 ಎಫ್‌ಎಂ ಇದೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಗಿ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದರೂ ಅಲೆಗಳಿಗೆ ಜಿಲ್ಲೆಯ ಗಡಿಯಿಲ್ಲ. ಅಲೆ ಸರಿಯಾಗಿ ಇಳಿಯದ ಬೆಟ್ಟದ ಮರೆಯ ಊರುಗಳಿಗೆ ಸಮುದಾಯ ಬಾನುಲಿ ಆಗಬಹುದು. 2006ರ ಮಾರ್ಗಸೂಚಿ ಬಂದಾಗಿನಿಂದ ಸ್ವಯಂಸೇವಾ ಸಂಸ್ಥೆಗಳೂ 100 ವ್ಯಾಟಿನ ಸಣ್ಣ ನಿಲಯ ನಡೆಸಬಹುದು. ಇನ್ನು ಹಣ. 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ರಾಯಧನದ ಮೇಲೆ ಒಂದು ಪಾಲನ್ನು, ಹಳೆಯ ಗುತ್ತಿಗೆಯಾದರೆ ಶೇ 30, ಹರಾಜಿನದಾದರೆ ಶೇ 10, ಜಿಲ್ಲಾ ಖನಿಜ ನಿಧಿಗೆ ಕೊಡಬೇಕು. ರಾಜ್ಯದಲ್ಲಿ ಆ ನಿಧಿ ಹೆಚ್ಚು ಸೇರುವ ಜಿಲ್ಲೆಗಳಲ್ಲಿ ಬಳ್ಳಾರಿ ಮುಂದಿದೆ. ಅದರ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣವಿದೆ, ಮಕ್ಕಳ ಕಲ್ಯಾಣವಿದೆ. ಕಟ್ಟಡವಾದರೆ ಫೋಟೊ ತೆಗೆಯಬಹುದು, ಉದ್ಘಾಟನೆಯ ಕಲ್ಲು ನೆಡಬಹುದು. ಮಗುವಿನ ದನಿಗೆ ಕಲ್ಲು ನೆಡಲಾಗದು. ಆದರೆ ಒಂದು ಶಾಲಾ ಕೊಠಡಿಗೆ ಆಗುವ ಖರ್ಚಿನಲ್ಲಿ ವಾರಕ್ಕೊಂದು ಗಂಟೆಯ ಮಕ್ಕಳ ಕಾರ್ಯಕ್ರಮವನ್ನು ಬಹುಕಾಲ ನಡೆಸಬಹುದು ಎಂಬುದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ.

ಆ ಕಾರ್ಯಕ್ರಮ ಹೇಗಿರಬೇಕು ಎಂದು ನಾನು ಇಲ್ಲಿ ಪಟ್ಟಿ ಕೊಟ್ಟರೆ ಹೈದರಾಬಾದಿನಲ್ಲಿ ಕೂತು ಊಹಿಸಿದವರ ಸಾಲಿಗೆ ಸೇರುತ್ತೇನೆ. ಒಂದು ಮಾತು ಮಾತ್ರ ಹೇಳಬಲ್ಲೆ. ‘ಕೇಳಿ-ಕಲಿ’ಯ ಆ ಬಿಡುವು ಮತ್ತೆ ಬೇಕು, ಈ ಸಲ ಆಚೆ ಬದಿಯಲ್ಲಿ ನಿಜವಾಗಿ ಒಬ್ಬರು ಕೂತಿರಬೇಕು. ಮಗು ತಪ್ಪು ಹೇಳಿದರೆ ಅದು ತಪ್ಪೆಂದು ಅವರಿಗೆ ಗೊತ್ತಾಗಬೇಕು. ಅದು ತಮಾಷೆಯಾಗಿದ್ದರೆ ಅವರು ನಗಬೇಕು. ಮುಂದಿನ ವಾರದ ಕಾರ್ಯಕ್ರಮ ಅದರಿಂದ ಬದಲಾಗಬೇಕು.

ಟೌನ್‌ಶಿಪ್ಪಿನಲ್ಲಿರುವ ನಮ್ಮ ಅಕ್ಕನ ಮಗ ಎರಡನೇ ಕ್ಲಾಸು. ಕಳೆದ ಸಲ ಹೋದಾಗ ಗೋಡೆಯ ಮುಂದೆ ನಿಂತು “ಹಾಯ್ ಫ್ರೆಂಡ್ಸ್” ಎಂದು ಶುರು ಮಾಡಿ, ಹಿತ್ತಲಿಗೆ ಬಂದ ಕೋತಿಗಳ ಕತೆಯನ್ನು ಕಾಲು ಗಂಟೆ ಹೇಳಿದ. ಫೋನು ಇರಲಿಲ್ಲ, ಬಲಗೈಯನ್ನೇ ಫೋನಿನಂತೆ ಚಾಚಿ ಹಿಡಿದಿದ್ದ. ನಡುನಡುವೆ ಲೈಕ್ ಮಾಡಿ, ಶೇರ್ ಮಾಡಿ ಎಂಬ ಬಾಯಿಪಾಠ. ಆದರೆ ಕೋತಿಗಳು ಅವನವೇ, ಹಿತ್ತಲು ಅವನದೇ, ಮಾತೂ ಅವನದೇ. ಕತೆ ಮುಗಿದ ಮೇಲೆ ಕೈ ಇಳಿಸಿ ನನ್ನ ಕಡೆ ತಿರುಗಿ ಕೇಳಿದ: “ಮಾಮ, ಇದನ್ನ ಯಾರು ಕೇಳ್ತಾರ?”

ನಾನು ಕೇಳಿದೆನಲ್ಲ ಎಂದೆ. ಆ ಉತ್ತರ ಅವನಿಗೆ ಸಾಲಲಿಲ್ಲ.